ತುಕ್ಕುಮೀಮಾಂಸೆ: ಜಾಮ್ ಆದ ನಟ್ಟಿನ ವಿಮೋಚನೆ ಕುರಿತು ಒಂದು ಸಂಪ್ರಬಂಧ

ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲು ಹೇಳದೆ ಯಾವ ಶಾಸ್ತ್ರಗ್ರಂಥವೂ ಮುಂದಕ್ಕೆ ಹೋಗಕೂಡದೆಂಬುದು ಪೂರ್ವಾಚಾರ್ಯರ ಕಟ್ಟಪ್ಪಣೆ. ಹಳೇ ಕಾರನ್ನು ಸ್ವಂತ ಕೈಯಿಂದ ಮೊದಲಿನಂತೆ ಮಾಡುತ್ತೇನೆಂದು ಹೊರಟವನಿಗಾಗಿ ಬರೆದ ಈ ಸಂಪ್ರಬಂಧವೂ ಅದಕ್ಕೆ ಹೊರತಲ್ಲ. ಇಲ್ಲಿ ಅಧಿಕಾರಿ ಎಂದರೆ, ಗುಜರಿಯವನು ತೂಕಕ್ಕೆ ಕೇಳಿದ ಪ್ರೀಮಿಯರ್ ಪದ್ಮಿನಿಯನ್ನು ಅವನಿಗಿಂತ ಹೆಚ್ಚು ಬೆಲೆ ಕೊಟ್ಟು ತಂದು ಕಾಂಪೌಂಡಿನಲ್ಲಿ ನಿಲ್ಲಿಸಿಕೊಂಡ ನವದೀಕ್ಷಿತ. ವಿಷಯ, ತುಕ್ಕು. ಸಂಬಂಧವನ್ನು ಮುಂದೆ ಚರ್ಚಿಸಲಾಗುವುದು. ಪ್ರಯೋಜನವೇನೆಂದು ಮನೆಯವರು ದಿನಾ ಕೇಳುತ್ತಿದ್ದಾರೆ. ಶಾಸ್ತ್ರ ಇನ್ನೂ ಬಾಯಿ ಬಿಟ್ಟಿಲ್ಲ.

ಮೊದಲಿಗೆ ಕಾಲನಿರ್ಣಯ. ಇಂಗ್ಲೆಂಡಿನ ಪಂಡಿತರ ಮತದಲ್ಲಿ 1919ರಿಂದ 1930ರೊಳಗೆ ತಯಾರಾದದ್ದು ಮಾತ್ರ ವಿಂಟೇಜ್. ಭಾರತ ಸರ್ಕಾರ ಇಷ್ಟು ಕಠೋರವಲ್ಲ. 2021ರ ಜುಲೈಯಲ್ಲಿ ತಿದ್ದಿದ ಮೋಟಾರು ವಾಹನ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಷಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗದ ಸ್ವಂತ ಬಳಕೆಯ ವಾಹನ ವಿಂಟೇಜೇ. ಮುಂಬೈಯ ಕುರ್ಲಾದಲ್ಲಿ 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಶುರುವಾಗಿ, 1970ರ ದಶಕದಲ್ಲಿ ಪದ್ಮಿನಿಯೆಂಬ ನಾಮಾಂತರ ಪಡೆದ ಈ 1089 ಸಿ.ಸಿ. ಕೃತಿಯ ಮೊದಮೊದಲ ಪ್ರತಿಗಳು ಹೀಗೆ ಪ್ರಾಚೀನ ಸಾಹಿತ್ಯದ ಸಾಲಿಗೆ ಸೇರಿವೆ. ಅಂಥ ವಾಹನವನ್ನು ನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಮತ್ತು ತಾಂತ್ರಿಕ ಸಂಶೋಧನೆಗಾಗಿ ರಸ್ತೆಗಿಳಿಸಬಹುದು. ತಾಂತ್ರಿಕ ಸಂಶೋಧನೆ! ನಡುರಸ್ತೆಯಲ್ಲಿ ಬಾನೆಟ್ ಎತ್ತಿ ನಿಂತವನು ಕಾನೂನಿನ ಕಣ್ಣಿನಲ್ಲಿ ಸಂಶೋಧಕ. ಶಿಷ್ಯವೇತನವೊಂದು ಮಂಜೂರಾಗುವುದು ಬಾಕಿ.

ಇಂಥ ಕಾರು ಒಬ್ಬನ ಕೃತಿಯಲ್ಲ. ಕುರ್ಲಾದ ಮೂಲಪಾಠದ ಮೇಲೆ ಐದಾರು ಊರಿನ ಮೇಸ್ತ್ರಿಗಳು ಲಿಪಿಕಾರರಾಗಿ ಕೈಯಾಡಿಸಿರುತ್ತಾರೆ. ಬಾಗಿಲು ಕೆರೆದರೆ ನೀಲಿಯ ಕೆಳಗೆ ಬಿಳಿ, ಬಿಳಿಯ ಕೆಳಗೆ ಹಸಿರು, ಅದರ ಕೆಳಗೆ ಪುಟ್ಟಿ. ಪುಟ್ಟಿಯ ಕೆಳಗೆ ತಗಡು ಇದ್ದಿರಬಹುದೆಂದು ಊಹಿಸಲಾಗಿದೆ, ಆಧಾರ ದೊರೆತಿಲ್ಲ. ಡೈನಮೊ ಇದ್ದ ಜಾಗದಲ್ಲಿ ಬೇರೆ ಕಾರಿನ ಆಲ್ಟರ್ನೇಟರ್ ಕಂಡರೆ ಅದು ಪ್ರಕ್ಷಿಪ್ತ. ಸೈಲೆನ್ಸರನ್ನು ಎತ್ತಿ ಕಟ್ಟಿದ ಬೈಂಡಿಂಗ್ ವೈರೂ ಪ್ರಕ್ಷಿಪ್ತವೇ. ಆದರೆ ಅದನ್ನು ತೆಗೆದರೆ ಮೂಲಪಾಠ ನೆಲಕ್ಕೆ ಬೀಳುವುದರಿಂದ ಸದ್ಯಕ್ಕೆ ಉಳಿಸಿಕೊಳ್ಳತಕ್ಕದ್ದು.

ಅತ್ಯಂತ ಅಪಾಯದ ಪಾಠಭೇದ ಬೋಲ್ಟಿನದು. ಇಟಲಿಯಿಂದ ಬಂದ ಫಿಯೆಟ್ ಮಿಲಿಮೀಟರ್ ಸಂಪ್ರದಾಯದ್ದು; ಮಾರಿಸ್ ಆಕ್ಸ್‌ಫರ್ಡ್ ಕುಲದ ಅಂಬಾಸಿಡರ್ ಇಂಚಿನ ಸಂಪ್ರದಾಯದ್ದು. ಹಿಂದಿನ ಮೇಸ್ತ್ರಿ ಕೈಗೆ ಸಿಕ್ಕ ಅಂಬಾಸಿಡರ್ ಬೋಲ್ಟನ್ನೇ ಪದ್ಮಿನಿಗೆ ಜಡಿದಿದ್ದರೆ, ಅರ್ಧ ಇಂಚಿನ ಅದರ ಮಂಡೆ 12.7 ಮಿ.ಮೀ. ನವದೀಕ್ಷಿತನ ಕೈಯಲ್ಲಿರುವುದು 13ರ ಸ್ಪ್ಯಾನರ್. ನಡುವೆ 0.3 ಮಿ.ಮೀ. ಸಡಿಲ. ಷಟ್ಕೋನ ವೃತ್ತವಾಗಲು ಅಷ್ಟು ಧಾರಾಳ. ವೃತ್ತವನ್ನು ಚೌಕ ಮಾಡಲು ರೇಖಾಗಣಿತದವರು ಶತಮಾನಗಟ್ಟಲೆ ಹೆಣಗಿ ಸೋತರಷ್ಟೆ. ಮೂಲೆಗಳಿದ್ದದ್ದನ್ನು ವೃತ್ತ ಮಾಡುವ ವಿದ್ಯೆ ನಮ್ಮವನಿಗೆ ಒಂದೇ ಜಗ್ಗಿಗೆ ಸಿದ್ಧಿಸುತ್ತದೆ. ಆದ್ದರಿಂದಲೇ ಬಲ್ಲವರು ಹನ್ನೆರಡು ಮೂಲೆಯ ರಿಂಗ್ ಬಿಟ್ಟು ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಹಿಡಿಯುತ್ತಾರೆ. ಅದು ಮಂಡೆಯ ಮೂಲೆಗಿಂತ ಪಕ್ಕೆಯ ಮೇಲೆ ಹೆಚ್ಚು ಒತ್ತುತ್ತದೆ.

ಈಗ ಸಂಬಂಧ. ಬೇರ್ಪಡಿಸಬಹುದಾದದ್ದು ಸಂಯೋಗ, ಬೇರ್ಪಡಿಸಲಾಗದ್ದು ಸಮವಾಯ ಎಂದು ನೈಯಾಯಿಕರ ವಿಂಗಡಣೆ. ಹೊಸ ನಟ್ಟಿಗೂ ಬೋಲ್ಟಿಗೂ ಇರುವುದು ಸಂಯೋಗ. ಮೂವತ್ತು ಮಳೆಗಾಲ ಕಳೆದ ಮೇಲೆ ಸಮವಾಯ. ನಡುವೆ ನಡೆದದ್ದು ಇಷ್ಟು: ನೀರೂ ಗಾಳಿಯೂ ತಾಗಿ ಕಬ್ಬಿಣ ತುಕ್ಕಾಯಿತು; ತುಕ್ಕಿಗೆ ತಾನು ಹುಟ್ಟಿದ ಕಬ್ಬಿಣದ ಹಲವು ಪಟ್ಟು ಜಾಗ ಬೇಕು; ಥ್ರೆಡ್ಡಿನ ಸಂದಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಎರಡೂ ಕಡೆ ಒತ್ತಿ ಕೂತುಬಿಟ್ಟಿತು. ಮಂಗಳೂರು, ಕಾರವಾರದ ಕಡೆ ಗಾಳಿಯ ಉಪ್ಪೂ ಸೇರಿ ಈ ಕೆಲಸ ಬೇಗ ಮುಗಿಯುತ್ತದೆ. ದೆಹಲಿಯ ಮೆಹ್ರೌಲಿಯ ಕಂಬ ಸುಮಾರು 1600 ವರ್ಷದಿಂದ ಬಯಲಿನಲ್ಲಿ ನಿಂತಿಲ್ಲವೇ ಎಂದು ಆಕ್ಷೇಪಿಸುವವರುಂಟು. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೈಮೇಲೆ ತೆಳುವಾದ ಕಾಪಿನ ಪದರ ಕಟ್ಟಿಕೊಂಡಿದೆ. ಗುಪ್ತರ ಕಾಲದ ಕಮ್ಮಾರರು ಸೈಲೆನ್ಸರ್ ಮಾಡದೆ ಹೋದದ್ದು ದೇಶದ ದೌರ್ಭಾಗ್ಯ.

ವಿಮೋಚನೆಯ ಬಗ್ಗೆ ಮೂರು ಮತಗಳಿವೆ. ಬಲವಾದಿಗಳು ಸ್ಪ್ಯಾನರಿಗೆ ನೀರಿನ ಪೈಪು ತೊಡಿಸಿ ಮೇಲೆ ಹತ್ತಿ ನಿಲ್ಲುವವರು. ಟಕ್ ಎಂದು ಸದ್ದಾಗುತ್ತದೆ. ಬಿಚ್ಚಿತೆಂದು ಅವರ ವಾದ; ಮಂಡೆ ಮಾತ್ರ ಬಂದಿದೆ, ಮುಂಡ ಒಳಗೇ ಇದೆಯೆಂದು ನಮ್ಮ ವಾದ. ಮುಂಡಕ್ಕೆ ತೂತು ಕೊರೆದು ಈಜಿ-ಔಟ್ ಎಂಬ ಉಪಕರಣ ತಿರುಗಿಸಬೇಕು. ಅದೂ ಒಳಗೆ ಮುರಿದರೆ, ಸಾಮಾನ್ಯ ಡ್ರಿಲ್ಲಿಗೆ ಬಗ್ಗದ ಗಡಸು ಉಕ್ಕು. ಆ ಘಟ್ಟ ಮುಟ್ಟಿದವರಿಗೆ ಯಾವ ಸ್ಮೃತಿಯೂ ಪ್ರಾಯಶ್ಚಿತ್ತ ಹೇಳಿಲ್ಲ.

ತೈಲವಾದಿಗಳಲ್ಲಿ ಸೀಮೆಎಣ್ಣೆ, ಡೀಸೆಲ್ ಮೊದಲಾದ ಒಳಪಂಗಡಗಳು. ನವ್ಯರು ಡಬ್ಲ್ಯುಡಿ-40 ಪಂಥದವರು. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಹುಟ್ಟಿದ, ನೀರನ್ನು ದೂರವಿಡುವ 40ನೆಯ ಮಿಶ್ರಣ. ಮೊದಲು ಕಾಪಾಡಿದ್ದು ಅಟ್ಲಾಸ್ ಕ್ಷಿಪಣಿಯ ಮೈಯನ್ನು. ಕ್ಷಿಪಣಿ ಹಾರಿಹೋಯಿತು, ಪದ್ಮಿನಿಯ ಬ್ರೇಕ್ ಡ್ರಮ್ ಅಲ್ಲಾಡಿಲ್ಲ. ಕಾರಣ ಸ್ಪಷ್ಟ: ತೈಲ ಯಾವುದಾದರೂ ರಾತ್ರಿಯಿಡೀ ನೆನೆಯಬೇಕು, ನವದೀಕ್ಷಿತ ಟೀ ಕುಡಿದು ಬಂದವನೇ ಸ್ಪ್ಯಾನರ್ ಎತ್ತುತ್ತಾನೆ. ಜಾಮ್ ಆದ ಎಂಜಿನ್ನಿಗೂ ಇದೇ ವಿಧಿ. ಪ್ಲಗ್ ಬಿಚ್ಚಿ, ಸಿಲಿಂಡರಿನೊಳಗೆ ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಟಾಪ್ ಗೇರಿನಲ್ಲಿಟ್ಟು ಕಾರನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತಳ್ಳುವುದು. ಅವಸರಕ್ಕೆ ಸೆಲ್ಫ್ ಹೊಡೆದರೆ ಪಿಸ್ಟನ್ ರಿಂಗುಗಳು ಗ್ರಂಥಪಾತವಾಗುತ್ತವೆ.

ಅಗ್ನಿವಾದಿಗಳ ತತ್ತ್ವ ಸರಳ, ಆದರೆ ತಲೆಕೆಳಗಾಗಿ ಓದುವವರೇ ಹೆಚ್ಚು. ಕಾಯಿಸಬೇಕಾದದ್ದು ನಟ್ಟನ್ನು. ನಟ್ಟು ಹಿಗ್ಗಿದರೆ ಹಿಡಿತ ಸಡಿಲ; ಬೋಲ್ಟು ಹಿಗ್ಗಿದರೆ ಇನ್ನೂ ಬಿಗಿ. ಬಿಸಿಯಿರುವಾಗಲೇ ಮೇಣದಬತ್ತಿ ತಾಗಿಸಿದರೆ ಕರಗಿದ ಮೇಣ ಸಂದಿಗೆ ಇಳಿಯುತ್ತದೆ. ರಾತ್ರಿ ತೈಲಮತದಲ್ಲಿದ್ದವನು ಬೆಳಗ್ಗೆ ಒರೆಸಿಕೊಳ್ಳದೆ ಅಗ್ನಿಮತಕ್ಕೆ ಬಂದರೆ ಶಾಸ್ತ್ರಾರ್ಥ ಅಕ್ಕಪಕ್ಕದ ಮನೆಗೂ ಪ್ರಕಾಶವಾಗುತ್ತದೆ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಈ ಮತವೇ ನಿಷಿದ್ಧ.

ಮೂರೂ ಪೂರ್ವಪಕ್ಷಗಳು. ಸಿದ್ಧಾಂತವನ್ನು ಬೆಂಗಳೂರಿನ ಮೇಸ್ತ್ರಿಗಳು ಒಂದೇ ಸೂತ್ರದಲ್ಲಿ ಹೇಳಿ ಮುಗಿಸಿದ್ದಾರೆ: “ಮೊದ್ಲು ಟೈಟ್ ಮಾಡಿ ಸಾರ್, ಆಮೇಲೆ ಲೂಸು.” ಬಿಚ್ಚಬೇಕಾದದ್ದನ್ನು ಬಿಗಿಮಾಡುವುದೆಂದರೆ ಏನು? ಭಾಷ್ಯ ಹೀಗೆ: ಕೂದಲೆಳೆಯಷ್ಟು ಬಿಗಿಮಾಡಿದಾಗ ತುಕ್ಕಿನ ಹೆಪ್ಪು ಒಡೆಯುತ್ತದೆ. ಆಗ ಕಾಲು ಸುತ್ತು ಹಿಂದಕ್ಕೆ, ಎರಡು ಹನಿ ಎಣ್ಣೆ, ಅರೆಪಾಲು ಮುಂದಕ್ಕೆ, ಮತ್ತೆ ಹಿಂದಕ್ಕೆ. ನಡುನಡುವೆ ಮಂಡೆಯ ಮೇಲೆ ಸುತ್ತಿಗೆಯಿಂದ ನೇರವಾದ ಸಣ್ಣ ಏಟು. ಆ ಅದುರಿಗೆ ತುಕ್ಕು ಪುಡಿಯಾಗಿ ಎಣ್ಣೆಗೆ ದಾರಿ ಬಿಡುತ್ತದೆ. ಇಷ್ಟಕ್ಕೆ ಮುಂಚೆ ಥ್ರೆಡ್ಡು ಯಾವ ಕಡೆಯದೆಂದು ತಿಳಿದಿರಬೇಕು. ಸೈಕಲ್ಲಿನ ಎಡ ಪೆಡಲಿನ ಹಾಗೆ ಉಲ್ಟಾ ಥ್ರೆಡ್ಡಿನವೂ ಲೋಕದಲ್ಲಿವೆ. ಅಲ್ಲಿ ದಿನವಿಡೀ ಬಿಚ್ಚಿದವನು ದಿನವಿಡೀ ಬಿಗಿ ಮಾಡಿರುತ್ತಾನೆ.

ಬಿಡುಗಡೆಯಾದ ಬಿಡಿಭಾಗಗಳ ಶುದ್ಧೀಕರಣ ಸಣ್ಣ ಅಧ್ಯಾಯ. ಹಿತ್ತಾಳೆ ಚೊಂಬು ಬೆಳಗುವ ಹುಣಸೆಹಣ್ಣಿನ ಹುಳಿಯೇ ಸಣ್ಣಪುಟ್ಟ ತುಕ್ಕನ್ನೂ ಕರಗಿಸುತ್ತದೆ. ದೊಡ್ಡದಕ್ಕೆ ವಾಷಿಂಗ್ ಸೋಡಾದ ನೀರು, ಬ್ಯಾಟರಿ ಚಾರ್ಜರ್, ಒಂದು ಕಬ್ಬಿಣದ ಪಟ್ಟಿ: ಋಣ ತುದಿ ಬಿಡಿಭಾಗಕ್ಕೆ, ಧನ ತುದಿ ಪಟ್ಟಿಗೆ. ಸ್ಟೀಲ್ ಚೆನ್ನಾಗಿರುತ್ತದೆಂದು ಅಡುಗೆಮನೆಯ ತಟ್ಟೆ ಎತ್ತಿಕೊಂಡು ಬರಬೇಡಿ. ಅದರ ಕ್ರೋಮಿಯಂ ನೀರಿಗಿಳಿದರೆ ವಿಷ. ಹೊರಡುವ ಗುಳ್ಳೆಗಳು ಹೈಡ್ರೋಜನ್, ಆದ್ದರಿಂದ ಈ ಪ್ರಯೋಗ ಬಯಲಿನಲ್ಲೇ ಆಗಬೇಕು.

ಇಷ್ಟಾದ ಮೇಲೆ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಕಟ್ಟಬೇಕು. ಅದರ ಅವಧಿ 10 ವರ್ಷ. ಹಿಂದಿನ ಎಡಗಡೆಯ ಡ್ರಮ್ ಬಿಚ್ಚಲು ಆ ಅವಧಿ ಸಾಲದೆ ಹೋದರೆ 5,000 ರೂಪಾಯಿಗೆ ಮರುನೋಂದಣಿಯ ಸೌಲಭ್ಯವಿದೆ. ಈ ಶಾಸ್ತ್ರಕ್ಕೆ ಬರುವ ಎಳೆಯ ವಿದ್ವಾಂಸರಲ್ಲಿ ಒಂದೇ ವಿನಂತಿ: ಸುತ್ತಿಗೆ ಎತ್ತುವ ಮುಂಚೆ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಜ್ಯಾಕೊಂದನ್ನೇ ನಂಬಿ ಕಾರಿನ ಕೆಳಗೆ ಮಲಗಬೇಡಿ. ತುಕ್ಕುಮೀಮಾಂಸೆಗೆ ಭಾಷ್ಯಕಾರರು ಮೊದಲೇ ಕಡಿಮೆ.