ಚಾ ತರುವ ಹುಡುಗನ ರೋಲ್ ನಂಬರ್

ಹಿಂದಿ ಸಿನಿಮಾದ ಶಾಲೆ ಕಾಲೇಜುಗಳಲ್ಲಿ ಅಡ್ಮಿಷನ್ನಿಗೆ ವಯಸ್ಸು ಅಡ್ಡಿಯಾದ ಉದಾಹರಣೆ ಇಲ್ಲ. ‘ಜೋ ಜೀತಾ ವಹೀ ಸಿಕಂದರ್’ ಬಿಡುಗಡೆಯಾದ 1992ರಲ್ಲಿ ಆಮಿರ್ ಖಾನರಿಗೆ 27. 1998ರಲ್ಲಿ ‘ಕುಛ್ ಕುಛ್ ಹೋತಾ ಹೈ’ ಬಂದಾಗ ಶಾರುಖರಿಗೆ 32. ನಮ್ಮ ಮುಂಬಯಿ ಕನ್ನಡಿಗರು ಆ ವಯಸ್ಸಿಗೆ ಹೋಟೆಲಿನ ಗಲ್ಲಾದ ಹಿಂದೆ ಕೂತು ಮಗನ ಫೀಸಿನ ಲೆಕ್ಕ ಹಾಕುತ್ತಿರುತ್ತಾರೆ.

ಅಲ್ಲಿ ಸೀಟುಗಳೂ ಮೊದಲೇ ರಿಸರ್ವ್. ಮುಂದಿನ ಬೆಂಚಿಗೆ ಸೋಡಾಬುಡ್ಡಿ ಕನ್ನಡಕದವನು, ಹಿಂದಿನದಕ್ಕೆ ಹೀರೋ, ಅಂಗಳದಲ್ಲಿ ಬೈಕಿಗೊರಗಿದ ಶ್ರೀಮಂತರ ಮಗ. ಬಾಸ್ಕೆಟ್‌ಬಾಲಿನಲ್ಲಿ ಹುಡುಗನನ್ನು ಮಣ್ಣುಮುಕ್ಕಿಸುತ್ತಿದ್ದ ‘ಕುಛ್ ಕುಛ್’ನ ಕಾಜೋಲ್ ಅವರನ್ನು ಕೂದಲು ಬೆಳೆಸಿ, ಸೀರೆ ಉಡಿಸಿ ಸೋಲಿಸಿದ ಮೇಲೆಯೇ ಕತೆಗೆ ಸಮಾಧಾನ. ಗಂಡುಬೀರಿಗೆ ಗೆಲ್ಲುವ ಹಕ್ಕು ಇಂಟರ್ವಲ್ ತನಕ ಮಾತ್ರವೋ ಏನೋ. ಇನ್ನು ಕ್ಯಾಂಟೀನಿನಲ್ಲಿ ಚಾ ತರುವ ಹುಡುಗ? ಅವನಿಗೆ ಹೆಸರೇ ಇಲ್ಲ, ಬರೀ ‘ಛೋಟೂ’.

ಮುಂಬಯಿ ಕನ್ನಡಿಗರ ಶಾಲೆಯ ಕತೆ ಶುರುವಾಗುವುದು ಈ ಛೋಟೂನಿಂದಲೇ. ಊರಲ್ಲಿ ಓದು ಅರ್ಧಕ್ಕೆ ಬಿಟ್ಟು ಕರಾವಳಿಯಿಂದ ಬಂದು ಹೋಟೆಲು ಸೇರಿದ ಹುಡುಗರಿಗಾಗಿಯೇ ಇಲ್ಲಿ ಕನ್ನಡ ರಾತ್ರಿ ಶಾಲೆಗಳು ಹುಟ್ಟಿದವು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್‌ನಂಥ ಸಂಸ್ಥೆಗಳು ಅವನ್ನು ನಡೆಸಿದವು. ಹಗಲಿಡೀ ಟೇಬಲಿಗೆ ಫಡ್ಕಾ ಹೊಡೆದವನು ಸಂಜೆ ಕೈ ತೊಳೆದು, ಬೆರಳಿನಲ್ಲಿನ್ನೂ ಸಾಂಬಾರಿನ ಘಮ ಇರುವಾಗಲೇ ಬೀಜಗಣಿತಕ್ಕೆ ಕೂರುತ್ತಿದ್ದ. ಅಲ್ಲೂ ಹಿಂದಿನ ಬೆಂಚು ಇತ್ತು, ಆದರೆ ಅದು ಪೋಲಿಗಳದ್ದಲ್ಲ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಾಯ್ಲರ್ ಹೊತ್ತಿಸಿದವರದ್ದು. ಮಾಸ್ಟ್ರು ಅವರನ್ನು ಎಬ್ಬಿಸುತ್ತಿರಲಿಲ್ಲವಂತೆ.

ಈ ‘ಅಂತೆ’ ನನ್ನ ಚಿಕ್ಕಪ್ಪನದು. ಫೋರ್ಟಿನ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಪಾಸು ಮಾಡಿದವರು, ಈಗ ಡೊಂಬಿವಲಿಯಲ್ಲಿ ಟಿವಿಯೆದುರು ನಿವೃತ್ತರು. ಅವರ ಜೊತೆ ಕೂತು ಕಾಲೇಜು ಸಿನಿಮಾ ನೋಡುವುದು ದುಸ್ತರ. ಕ್ಯಾಂಟೀನಿನಲ್ಲಿ ಹೊಡೆದಾಟ ಶುರುವಾಗಿ ನಾವೆಲ್ಲ ಹೀರೋನ ಮುಷ್ಟಿ ನೋಡುತ್ತಿದ್ದರೆ, ಅವರದು ಒಂದೇ ಚಿಂತೆ: “ಇಷ್ಟು ಗ್ಲಾಸು ಒಡೆದರಲ್ಲ ಮಾರಾಯ, ಯಾರ ಸಂಬಳದಿಂದ ಕಟ್ಟು?”

‘ಸಿಕಂದರ್’ ಮಾತ್ರ ಅವರಿಗೆ ಪಾಸು. ಅದರ ಹೀರೋ ಡೆಹ್ರಾಡೂನಿನಲ್ಲಿ ಕೆಫೆ ನಡೆಸುವವನ ಮಗ. ರಜಪೂತ್ ಕಾಲೇಜಿನ ಶ್ರೀಮಂತ ಹುಡುಗರಿಂದ ‘ಪೈಜಾಮಾ ಛಾಪ್’ ಅನ್ನಿಸಿಕೊಳ್ಳುವ ಮಾಡೆಲ್ ಸ್ಕೂಲಿನವನು. ಓದಿನಲ್ಲಿ ದಂಡಪಿಂಡ, ಅಪ್ಪನ ದುಡ್ಡಿಗೆ ಕನ್ನ. ಹಾಗಿದ್ದೂ ಕೊನೆಗೆ ಸೈಕಲ್ ರೇಸು ಗೆಲ್ಲುತ್ತಾನೆ. ಗಲ್ಲಾದವನ ಮಗನಿಗೆ ಹೀರೋ ಪಟ್ಟ ಸಿಕ್ಕಿತು, ಸರಿ. ಲೋಟ ತೊಳೆಯುವವನ ಸರದಿ ಬರಲು ಇನ್ನೂ 19 ವರ್ಷ ಕಾಯಬೇಕಾಯಿತು.

2011ರಲ್ಲಿ ಅಮೋಲ್ ಗುಪ್ತೆ ‘ಸ್ಟಾನ್ಲಿ ಕಾ ಡಬ್ಬಾ’ ಮಾಡಿದರು. ಶೂಟಿಂಗು ಅಂಧೇರಿಯ ಹೋಲಿ ಫ್ಯಾಮಿಲಿ ಶಾಲೆಯಲ್ಲಿ, ಶನಿವಾರ ಶನಿವಾರ ಮಕ್ಕಳ ಕಮ್ಮಟದಂತೆ ನಡೆದದ್ದು. ಚುರುಕು ಹುಡುಗ ಸ್ಟಾನ್ಲಿ ಊಟದ ಡಬ್ಬಿಯನ್ನೇ ತರುವುದಿಲ್ಲ. ಎಲ್ಲರ ಡಬ್ಬಿಗೂ ಕೈ ಹಾಕುವ ಹಿಂದಿ ಮಾಸ್ತರು (ಗುಪ್ತೆ ಅವರೇ, ನಾಚಿಕೆಬಿಟ್ಟು ನಟಿಸಿದ್ದಾರೆ) ಡಬ್ಬಿ ತಾರದೆ ಶಾಲೆಗೆ ಬರಬೇಡ ಅನ್ನುತ್ತಾರೆ. ಹೊಟ್ಟೆಬಾಕ ಮಾಸ್ತರು, ತರಲೆ ಹುಡುಗ, ಅಕ್ಕರೆಯ ಮಿಸ್ಸು, ಹೀಗೆ ಹಳೆಯ ಅಚ್ಚಿನ ಪಾತ್ರಗಳೇ ಎಂದುಕೊಂಡು ನಗುತ್ತಿರುವಾಗ, ಕೊನೆಯಲ್ಲಿ ಕ್ಯಾಮೆರಾ ಹುಡುಗನ ಹಿಂದೆ ಅವನ ‘ಮನೆ’ಗೆ ಹೋಗುತ್ತದೆ. ಅದು ಅವನ ಚಿಕ್ಕಪ್ಪನ ಹೋಟೆಲು. ತಬ್ಬಲಿ ಹುಡುಗ ಅಲ್ಲಿ ಪಾತ್ರೆ ತಿಕ್ಕುತ್ತಾನೆ. ಅಡುಗೆಯವನು ಉಳಿದದ್ದನ್ನು ಕಟ್ಟಿಕೊಟ್ಟ ದಿನ ಡಬ್ಬಿ ತಂದು, ಅಮ್ಮ ಮಾಡಿದ್ದು ಎಂದು ಹಂಚುತ್ತಾನೆ. ಇದಕ್ಕೆ ಹೋಲಿಸಿದರೆ ಸೈಕಲ್ ರೇಸಿನ ಗೆಲುವು ನನಗೆ ಸ್ವಲ್ಪ ಸುಲಭದ್ದೆನಿಸುತ್ತದೆ.

ಆ ಸಿನಿಮಾ ನೋಡಿ ನಾವೆಲ್ಲ ಮೂಗೊರೆಸಿಕೊಳ್ಳುತ್ತಿದ್ದೆವು. ಚಿಕ್ಕಪ್ಪ, “ರಾತ್ರಿಯ ಪಲ್ಯ ಮಧ್ಯಾಹ್ನದ ತನಕ ಕೆಡಲಿಲ್ಲವಲ್ಲ, ಫ್ರಿಜ್ ಒಳ್ಳೆಯದಿರಬೇಕು” ಎಂದರು.

“ನಿಮ್ಮ ರಾತ್ರಿ ಶಾಲೆಯದ್ದೂ ಒಂದು ಸಿನಿಮಾ ಮಾಡಬಹುದು ಚಿಕ್ಕಪ್ಪ” ಅಂದೆ.

“ಮಾಡಿದರೆ ಗಣಿತದ ಮಾಸ್ಟ್ರಿಗೆ ಒಳ್ಳೆಯ ನಟ ಬೇಕು. ಅವರೂ ಹಗಲು ಆಫೀಸಿನಲ್ಲಿ ದುಡಿದು ಬರುವವರು. ಬೋರ್ಡಿಗೆ ಮುಖ ಮಾಡಿಯೇ ಆಕಳಿಸಬೇಕು, ನಮಗೆ ಕಾಣಬಾರದು.”

“ಹೀರೋಯಿನ್?”

“ಕ್ಲಾಸು ಬಿಟ್ಟ ಮೇಲೆ ಹೋಟೆಲಿಗೆ ಹೋಗಿ ಇಡ್ಲಿಗೆ ರುಬ್ಬಲಿಕ್ಕಿತ್ತು ಮಾರಾಯ. ಹೀರೋಯಿನ್ ಬಂದಿದ್ದರೆ ಸೇಟು ಅವಳಿಗೂ ಒಂದು ರುಬ್ಬುಗುಂಡು ಕೊಡುತ್ತಿದ್ದ.”