ಒಂದೇ ಸಹಿ

ಅಮೆರಿಕದ ಫ್ರೀಮಾಂಟಿನಲ್ಲಿ ಬೇಲಿ ಅಂದರೆ ನಮ್ಮ ಕಡೆಯ ಕಳ್ಳಿ ಬೇಲಿಯಲ್ಲ, ಆರಡಿ ಎತ್ತರದ ಹಲಗೆ ಗೋಡೆ. ಆಚೆ ಮನೆಯ ಮೈಸೂರಕ್ಕ ಮಾತಿಗೆ ನಿಂತರೆ ಹಣೆಯ ಕುಂಕುಮ ಕಾಣುತ್ತದೆ, ಕೆಳಗಿನದು ಊಹೆ. ನಾನು ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಲ್ಲುತ್ತೇನೆ. ಅರವತ್ತಾರರ ಹೆಂಗಸು ಬಕೆಟ್ ಹತ್ತಬಾರದೆಂದು ಮಗಳ ತಕರಾರು. ಬಾಣಂತನಕ್ಕೆ ಬಂದವಳಿಗೆ ಇಲ್ಲಿ ಬೇರೆ ಯಾವ ಸುಖವಿದೆ? ಕೂಸಿನ ತಲೆಗೆ ಲೋಬಾನದ ಹೊಗೆ ಹಾಕಿದರೂ ಛಾವಣಿಯಲ್ಲಿ ಗಂಟೆ ಹೊಡೆದುಕೊಳ್ಳುತ್ತದೆ.

ಅಂದು ಭಾನುವಾರ, 2025ರ ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ.

"ಅಳಿಯಂದ್ರು ಬಂದ್ರಾ ಇವ್ರೇ?"

"ಬಂದಾರ್ರೀ ಅಕ್ಕಾರ. ನಿನ್ನೆ ಸಂಜೀಮುಂದ ಬಂದ್ರು. ಹೋದ ಕೆಲಸಾನೂ ಆಗ್ಲಿಲ್ಲ, ಎಳ್ಳುನೀರೂ ಬಿಡ್ಲಿಲ್ಲ."

ಅಳಿಯ ಹುಬ್ಬಳ್ಳಿಗೆ ಹೋಗಿದ್ದು ಎರಡು ಕೆಲಸಕ್ಕೆ: ಅಣ್ಣತಮ್ಮಂದಿರ ಜೊತೆ ಅಪ್ಪನ ಪಕ್ಷ ಮಾಡಲು, ಮತ್ತು ಹಳೇ ಮನೆಯ ವಾಟಣಿಪತ್ರಕ್ಕೆ ಸಹಿ ಹಾಕಲು. ಶನಿವಾರ ನಸುಕಿನಲ್ಲಿ ಕಂಪನಿಯವರ ಮೇಲ್ ಬಂತು: ಭಾನುವಾರದೊಳಗೆ ಅಮೆರಿಕದೊಳಗಿರಿ. ಶುಕ್ರವಾರ ಅಧ್ಯಕ್ಷರು ಒಂದು ಘೋಷಣೆಗೆ ಸಹಿ ಹಾಕಿದ್ದರು. ಅಳಿಯನಂಥವರು ದುಡಿಯಲು ಬರುವ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ, ಅಂದರೆ ಸುಮಾರು 88 ಲಕ್ಷ ರೂಪಾಯಿ. ವಾಷಿಂಗ್ಟನ್ನಿನ ಗಡಿಯಾರದಲ್ಲಿ ಶನಿವಾರ ಮಧ್ಯರಾತ್ರಿ ಕಳೆದರೆ ಜಾರಿ. ಯಾರಿಗೆ, ಎಷ್ಟು ಸಲ, ಇದ್ದವರಿಗೋ ಬರುವವರಿಗೋ, ಒಬ್ಬರಿಗೂ ಗೊತ್ತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನ ಹತ್ತಿ ಕೂತವರು ಎದ್ದು ಇಳಿದರಂತೆ. ನಮ್ಮವನು ಟ್ಯಾಕ್ಸಿ ಹಿಡಿದು ಬೆಂಗಳೂರಿಗೆ ಓಡಿದ, ಹೇಳಲು ನಾಚಿಕೆಯಾಗುವಷ್ಟು ದುಡ್ಡು ಕೊಟ್ಟು ವಿಮಾನ ಹತ್ತಿದ. ಅವನು ಆಕಾಶದಲ್ಲಿದ್ದಾಗ ಶ್ವೇತಭವನದಿಂದ ಸ್ಪಷ್ಟನೆ ಬಂತು: ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇದ್ದವರು ಹೋಗಿ ಬರಬಹುದು.

"ಅಲ್ರೀ ಅಕ್ಕಾರ, ಮೂರು ಅಂಕಣದ ಮನೀ ಪಾಲಿಗೆ ನಮ್ಮಲ್ಲಿ ಐದು ಮಂದಿ ಸಹಿ, ಹೆಬ್ಬೆರಳು, ಫೋಟೋ, ಮ್ಯಾಲೆ ಇಬ್ಬರು ಸಾಕ್ಷಿ. ಇಲ್ಲಿ ಲಕ್ಷ ಲಕ್ಷ ಮಂದೀ ಬದುಕಿಗೆ ಒಂದೇ ಸಹೀನಾ?"

"ಕಾಯ್ದೆ ಇದೆಯಂತೆ ಇವ್ರೇ."

ಇದೆ, ನಿಜ. 1952ರ ವಲಸೆ ಕಾಯ್ದೆಯಲ್ಲೊಂದು ಕಲಮು: ದೇಶದ ಹಿತಕ್ಕೆ ಧಕ್ಕೆಯೆನಿಸಿದರೆ ಪರದೇಶದವರ ಪ್ರವೇಶವನ್ನು ಅಧ್ಯಕ್ಷರು ತಡೆಯಬಹುದು. ಆಗ ಶುಲ್ಕ ಹೇರಲು ಹಿಡಿದ ಹತ್ಯಾರ ಅದೇ. ಅಂಗಡಿಯಲ್ಲಿ ತೊಗರಿಬೇಳೆಯ ಬೆಲೆ ನೋಡಿ ನಾನು ಪೊಟ್ಟಣ ವಾಪಸ್ ಇಟ್ಟಿದ್ದೆ, ಅದರ ಹಿಂದೆಯೂ ಇಂಥದೇ ಒಂದು, 1977ರದು. ತುರ್ತು ಪರಿಸ್ಥಿತಿಯಲ್ಲಿ ವಿದೇಶಿ ವಹಿವಾಟು ನಿಯಂತ್ರಿಸಬಹುದು ಎನ್ನುವ ಆ ಕಾಯ್ದೆ ಹಿಡಿದು, 2025ರ ಆಗಸ್ಟ್ 27ರಿಂದ ಭಾರತದ ಬಹಳಷ್ಟು ಸರಕಿನ ಮೇಲೆ ಶೇ. 50 ಸುಂಕ ಹಾಕಿದ್ದರು. ಸುಂಕ ಎಂಬ ಪದವೇ ಆ ಕಾಯ್ದೆಯಲ್ಲಿಲ್ಲ ಎಂದು ಆಗ ಕೋರ್ಟಿನಲ್ಲಿ ಜಗಳ ನಡೆದಿತ್ತು.

ನನಗೆ ಅನ್ನಿಸುವುದು ಇಷ್ಟು. ಅತ್ತೆಯಾದವಳು ಬೀಗದಕೈ ಗೊಂಚಲನ್ನು 'ಅಡಚಣೆಗಿರಲಿ' ಎಂದು ಸೊಸೆಯ ಸೆರಗಿಗೆ ಕಟ್ಟಿ ಕಾಶಿಗೆ ಹೋಗುತ್ತಾಳೆ. ಬರುವುದರೊಳಗೆ ತಿಜೋರಿ ತೆಗೆದಿದೆ. ಸೊಸೆಯನ್ನು ಬೈದೇನು? ಕೊಟ್ಟವಳಿಗೆ ಬುದ್ಧಿ ಬೇಡವೇ? ಇಲ್ಲಿ ಅತ್ತೆ ಅಂದರೆ ಕಾಂಗ್ರೆಸ್ಸು. ನಮ್ಮಲ್ಲಿಯ ಪಾರ್ಟಿಯಲ್ಲ, ಇವರ ಸಂಸತ್ತು.

"ತುರ್ತು ಪರಿಸ್ಥಿತಿ ಅಂದ್ರಲ್ಲ," ಮೈಸೂರಕ್ಕನ ಕುಂಕುಮ ಮೇಲೆದ್ದಿತು. "ಇರಾನ್ ಮೇಲೆ 1979ರ ನವೆಂಬರಿನಲ್ಲಿ ಹೇರಿದ್ದು ಇನ್ನೂ ಇದೆ. ಕಾರ್ಟರ್ ಕಾಲದ್ದು. ಯಾರು ಗದ್ದುಗೆ ಏರಿದ್ರೂ ವರ್ಷ ವರ್ಷ ಮುಂದುವರಿಸ್ತಾರೆ."

"ತಿಥಿ ಮಾಡಿದಂಗ."

"ಹ್ಞೂಂ, ತಿಥಿ ತಪ್ಪಬಹುದು, ಇದು ತಪ್ಪಲ್ಲ."

ನಮ್ಮದು 21 ತಿಂಗಳು. 1975ರ ಜೂನಿನ ಆ ರಾತ್ರಿ ರಾಷ್ಟ್ರಪತಿಗಳ ಒಂದು ಸಹಿ. ನನಗಾಗ ಹದಿನಾರು ವರ್ಷ, ಬೆಳಗ್ಗೆ ಅಪ್ಪ ಯಾಕೆ ದನಿ ತಗ್ಗಿಸಿ ಮಾತಾಡುತ್ತಿದ್ದಾರೆ ಎಂದೇ ತಿಳಿಯಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಇಲ್ಲಿ ನಾವು ಬೇಲಿ ಮೇಲೆ ಗಟ್ಟಿಯಾಗಿಯೇ ಮಾತಾಡುತ್ತೇವೆ. ಆದರೂ ಗಂಡ ಹೆಂಡತಿ ಇಬ್ಬರೂ ಇಲ್ಲಿಯ ನಾಗರಿಕರಾದ ಮನೆಯವರೇ ಈ ನಡುವೆ ಫೋನು ಒಳಗಿಟ್ಟು ಬರುತ್ತಾರೆ, ಅದು ಬೇರೆ ಮಾತು.

"ಕೋರ್ಟಿದೆ ಬಿಡಿ," ಅಂದರು ಮೈಸೂರಕ್ಕ. "1952ರಲ್ಲಿ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನ ಕಿತ್ಕೊಂಡ್ರು, ಕೊರಿಯಾ ಯುದ್ಧಕ್ಕೆ ಬೇಕು ಅಂತ. ಎರಡು ತಿಂಗಳೊಳಗೆ ಸುಪ್ರೀಂ ಕೋರ್ಟು ಆಗಲ್ಲ ಅಂತು. ತೀರ್ಪು ಬರೆದ ಹ್ಯೂಗೋ ಬ್ಲ್ಯಾಕ್ ಆಮೇಲೆ ಟ್ರೂಮನ್ನರನ್ನೇ ಮನೆಗೆ ಊಟಕ್ಕೆ ಕರೆದ್ರಂತೆ. ಅವರೂ ಹೋಗಿ ಉಂಡು ಬಂದ್ರಂತೆ."

ಕೇಳಲು ಸೊಗಸು. ಆದರೆ ನಾನು ಹುಬ್ಬಳ್ಳಿಯವಳು. ನಮ್ಮೂರಿನ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲಿನಲ್ಲಿ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಿದಾಗ, ಸದನದಲ್ಲಿ ಬಹುಮತ ತೋರಿಸುತ್ತೇನೆಂದರೂ ಅವಕಾಶ ಕೊಡಲಿಲ್ಲ. ಬಹುಮತವನ್ನು ಸದನದಲ್ಲೇ ಅಳೆಯಬೇಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರಲ್ಲಿ. ಅಷ್ಟರಲ್ಲಿ ವಿಧಾನಸೌಧದಲ್ಲಿ ಬೇರೆಯವರ ಸಂಸಾರ ಹೂಡಿ ಹಳೆಯದಾಗಿತ್ತು. ಬೊಮ್ಮಾಯಿಯವರ ಹೆಸರು ಕಾನೂನಿನ ಪುಸ್ತಕದಲ್ಲಿ ಉಳಿಯಿತು, ಕುರ್ಚಿ ಬರಲಿಲ್ಲ. ಕೋರ್ಟು ಬರುತ್ತದೆ ಅಕ್ಕಾರ, ಆದರೆ ಟ್ಯಾಕ್ಸಿಯವನಿಗೆ ಕೊಟ್ಟ ದುಡ್ಡು ಬರುವುದಿಲ್ಲ.

ಇಷ್ಟು ಜೋರಾಗಿ ಹೇಳುವಾಗ ಒಳಗಿನಿಂದ ಮಗಳು ಕೂಗಿದಳು, "ಅವ್ವಾ, ನನ್ನ ಕೆಲಸಾನೂ ಹಂಗೇ ಬಂದದ್ದು!"

ಬಾಯಿ ಮುಚ್ಚಿದೆ. ಗಂಡನ ವೀಸಾದ ಬಾಲಕ್ಕೆ ಕಟ್ಟಿಕೊಂಡು ಬಂದ ಹೆಂಡತಿಯರಿಗೆ ದುಡಿಯುವ ಪರವಾನಗಿ ಸಿಕ್ಕಿದ್ದು 2015ರಲ್ಲಿ, ಒಬಾಮಾ ಆಡಳಿತದ ಒಂದು ನಿಯಮದಿಂದ. ಸಂಸತ್ತು ಹೊಸ ಕಾಯ್ದೆ ಮಾಡಿ ಕೊಟ್ಟಿದ್ದಲ್ಲ. ಸಂಸತ್ತು ಒಪ್ಪದಿದ್ದರೆ ನನ್ನ ಹತ್ತಿರ ಪೆನ್ನಿದೆ, ಫೋನಿದೆ ಎಂದು ಆತ 2014ರಲ್ಲಿ ಹೇಳಿದಾಗ ನಾವು ಹುಬ್ಬಳ್ಳಿಯಲ್ಲಿ ಕೂತು ಭಲೆ ಅಂದವರು. ಪೆನ್ನು ಅದೇ. ಈಗ ನಮ್ಮ ಕಡೆ ಮಸಿ ಕಾರುತ್ತಿದೆ.

"ಪೌರತ್ವದ ಪರೀಕ್ಷೆಲಿ ನನಗೊಂದು ಪ್ರಶ್ನೆ ಬಂದಿತ್ತು," ಮೈಸೂರಕ್ಕ ನಕ್ಕರು. "ಸರ್ಕಾರದ ಒಂದು ಅಂಗ ಅತಿಯಾಗಿ ಬಲಿಯದ ಹಾಗೆ ತಡೆಯೋದು ಯಾವುದು ಅಂತ. ಟಕ್ಕಂತ ಹೇಳಿ ಪಾಸಾದೆ. ಈಗ ಕೇಳಿದ್ರೆ ಆ ಅಧಿಕಾರಿಯನ್ನೇ ವಾಪಸ್ ಕೇಳ್ತೀನಿ."

ನಮ್ಮ ಮನೆಯಲ್ಲಿ ಈ ದೇಶದ ಪ್ರಜೆ ಒಬ್ಬನೇ, ಅವನಿಗಿನ್ನೂ ಕತ್ತು ನಿಂತಿಲ್ಲ. ಅದೂ ನ್ಯಾಯಾಧೀಶರ ದಯೆ. ತಾಯಿ ತಾತ್ಕಾಲಿಕ ವೀಸಾದವಳು, ತಂದೆಗೆ ಗ್ರೀನ್ ಕಾರ್ಡಿಲ್ಲ ಎಂದರೆ ಇಲ್ಲೇ ಹುಟ್ಟಿದ ಕೂಸೂ ಪ್ರಜೆಯಲ್ಲ ಎಂದು ಜನವರಿ 20ರಂದೇ ಇನ್ನೊಂದು ಸಹಿ ಬಿದ್ದಿತ್ತು. ಕೋರ್ಟುಗಳು ತಡೆದವು, ಜುಲೈಯಲ್ಲಿ ನ್ಯೂ ಹ್ಯಾಂಪ್‌ಶೈರಿನ ನ್ಯಾಯಾಧೀಶರೊಬ್ಬರು ದೇಶದ ಇಂಥ ಎಲ್ಲ ಕೂಸುಗಳಿಗೂ ಅನ್ವಯಿಸುವಂತೆ ತಡೆದರು. ನಮ್ಮವನು ಹುಟ್ಟಿದ್ದು ಆಗಸ್ಟಿನಲ್ಲಿ. ಒಂಬತ್ತನೇ ತಿಂಗಳಲ್ಲಿ ಮಗಳು ಅಂಟಿನುಂಡೆ ತಿನ್ನುತ್ತ ತೀರ್ಪು ಓದುತ್ತಿದ್ದಳು. ನಮ್ಮ ಕಾಲದಲ್ಲಿ ಬಸುರಿಯರಿಗೆ ರಾಮಾಯಣ ಓದಿಸುತ್ತಿದ್ದರು.

"ನಾಳೆ ಗೊಂಬೆ ಕೂರಿಸ್ತೀನಿ, ಬನ್ನಿ," ಮೈಸೂರಕ್ಕ ಮಾತು ತಿರುಗಿಸಿದರು. "ಪಟ್ಟದ ಗೊಂಬೆ ತೆಗೆದ್ರೆ ಮಗಳು ನಗ್ತಾಳೆ. ಜೂನಿನಲ್ಲಿ 'ರಾಜರು ಬೇಡ' ಅಂತ ಬೋರ್ಡು ಹಿಡ್ಕೊಂಡು ಬೀದೀಲಿ ನಿಂತವಳು. ಬೋರ್ಡು ಗ್ಯಾರೇಜಿನಲ್ಲಿದೆ, ರಾಜ ರಾಣಿ ಪೆಟ್ಟಿಗೆನೂ ಅಲ್ಲೇ. ಒಂದನ್ನೊಂದು ನೋಡ್ಕೊಂಡಿವೆ."

ಹಿತ್ತಲಲ್ಲಿ ಅಳಿಯ ಸ್ಟೀಲ್ ತಟ್ಟೆ ಮುಂದಿಟ್ಟುಕೊಂಡು ದಕ್ಷಿಣಕ್ಕೆ ಮುಖ ಮಾಡಿ ಎಳ್ಳುನೀರು ಬಿಡುತ್ತಿದ್ದ. ದಕ್ಷಿಣ ಯಾವುದೆಂದು ಫೋನು ಹೇಳಿತು. ವಡೆ, ಅನ್ನ ಗೋಡೆಯ ಮೇಲಿಟ್ಟು ಕಾಯುತ್ತ ನಿಂತೆವು.

"ಬಂತಾ ಕಾಗೆ?" ಆಚೆಯಿಂದ ದನಿ.

"ಅಳಿಲು ಬಂತ್ರೀ ಅಕ್ಕಾರ. ವಡೆ ಎತ್ತಿಕೊಂಡು ನಿಮ್ಮ ಕಡೆನೇ ಹಾರ್ತು."

"ಇಲ್ಲೇ ಕೂತು ತಿಂತಿದೆ. ಇನ್ನೊಂದು ವಡೆ ಇಡಿ ಇವ್ರೇ, ಇದರ ಜೋಡಿನೂ ಬಂದಿದೆ."