ಹಿಂದಿನ ಎಂಜಿನ್ನಿಗೆ ಒಂದು ಬಹಿರಂಗ ಪತ್ರ

ಮಾನ್ಯ 4014ನೇ ಬಿಗ್ ಬಾಯ್ ಅವರಿಗೆ,

ತಮ್ಮ ಅಸಲು ಹಿರಿಯರು 2019ರ ಮೇ ತಿಂಗಳಲ್ಲಿ 844ನೇ ಎಂಜಿನ್ನಿನ ಜೊತೆ ಒಂದೇ ಗಾಡಿ ಎಳೆಯುತ್ತ ಅಮೆರಿಕದ ಶಾಯೆನ್‌ನಿಂದ ಆಗ್ಡನ್‌ಗೆ ಹೋದರು. ಖಂಡ ದಾಟುವ ರೈಲುಮಾರ್ಗಕ್ಕೆ 150 ವರ್ಷ ತುಂಬಿದ ಸಂಭ್ರಮ ಅದು. ಆ ವೈಭವವನ್ನೇ 87ರಲ್ಲಿ ಒಂದು ಪಾಲಿನ ಮಾದರಿ ರೈಲಿಗೆ ಇಳಿಸಿ, ತಮ್ಮನ್ನು 844ರ ಬೆನ್ನ ಹಿಂದೆ ಕಟ್ಟಿದರೆ, ತಾವು ಮೌನವ್ರತ ಹಿಡಿಯುವುದೇ? ಹದಿನಾರು ಚಾಲಕ ಚಕ್ರಗಳುಳ್ಳ ಮಹಾನುಭಾವರು!

ತಮ್ಮ ಸ್ಪೀಕರ್ ಸತ್ತಿದೆ ಎಂದು ತೀರ್ಪು ಕೊಟ್ಟು, ಟೆಂಡರ್ ಬಿಚ್ಚಲು ಹೊರಡುವವರನ್ನು ಕ್ಷಮಿಸಿ. ಒಂಟಿಯಾಗಿದ್ದಾಗ ಮನೆ ಹಾರಿಹೋಗುವಂತೆ ಕೂಗುವವರು ಜೋಡಿಯಾದ ಕೂಡಲೇ ಹೇಗೆ ಮೂಗರಾದರು ಎಂದು ಅವರು ಯೋಚಿಸುವುದಿಲ್ಲ. ತಾವಾದರೋ ಬರೀ ಆಜ್ಞಾಪಾಲಕರು. ಅಪ್ಪಣೆ ಓದುವ ಚಿಪ್ಪಾದ ಡಿಕೋಡರಿನ ಸಿವಿ 19 ಎಂಬ ಖಾನೆಯಲ್ಲಿ ಇಬ್ಬರಿಗೂ ಒಂದೇ ಜೋಡಿ ಸಂಖ್ಯೆ ಬರೆದ ಮೇಲೆ, ಆ ಸಂಖ್ಯೆಗೆ ಬಂದ ವೇಗದ ಅಪ್ಪಣೆಯನ್ನು ಚಾಚೂ ತಪ್ಪದೆ ನಡೆಸುತ್ತೀರಿ. ಸದ್ದಿನ ಗುಂಡಿಗಳ ಲೆಕ್ಕ ಬೇರೆ. ಎಫ್1ರಿಂದ ಎಫ್8ರವರೆಗೆ ಯಾವುದಕ್ಕೆ ಕಿವಿಗೊಡಬೇಕು ಎಂಬುದು ಸಿವಿ 21ರಲ್ಲಿರುತ್ತದೆ. ಅಲ್ಲಿ ಸೊನ್ನೆಯಿದ್ದರೆ, ಜೋಡಿ ಸಂಖ್ಯೆಯಲ್ಲಿ ಬೆರಳು ಸವೆಯುವಷ್ಟು ಒತ್ತಿದರೂ ತಮಗೆ ಕೇಳಿಸದು. ಎಫ್8 ಸದ್ದು ತೆರೆಯುವ, ಮುಚ್ಚುವ ಗುಂಡಿಯಾಗಿದ್ದರೆ ಅಲ್ಲಿ 128 ಬರೆದರಾಯಿತು. ಗಂಟೆ, ಸಿಳ್ಳೆ ಮುಂದಿನವರ ಸೊತ್ತಾಗಿಯೇ ಉಳಿಯುತ್ತವೆ. 255 ಬರೆದು ಎಲ್ಲವನ್ನೂ ಧಾರೆಯೆರೆಯುವ ಉದಾರಿಗಳೂ ಇದ್ದಾರೆ. ಅವರ ಮನೆಯ ಬೆಕ್ಕಿನ ಬಗ್ಗೆ ನನಗೆ ಮರುಕವಿದೆ.

ಸದ್ದು ತೆರೆದ ಮೇಲೂ ತಮ್ಮ ಉಸಿರು ಕ್ಷೀಣವಂತೆ. ಅನೇಕ ಡಿಕೋಡರ್‌ಗಳು ಮೋಟಾರು ತಿರುಗುವಾಗ ಮರಳಿ ಹುಟ್ಟಿಸುವ ವೋಲ್ಟೇಜನ್ನು, ಅಂದರೆ ಬ್ಯಾಕ್ ಇಎಂಎಫನ್ನು, ಅಳೆದು, ಹೊರೆಗೆ ತಕ್ಕಂತೆ ಸದ್ದನ್ನು ಏರಿಸಿ ಇಳಿಸುತ್ತವೆ. 844 ತುಸು ಚುರುಕಾಗಿದ್ದರೆ ಗಾಡಿಯ ಜೊತೆ ತಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ಇಳಿಜಾರು ಬಂತೆಂದು ತಾವು ಹಗುರಾಗಿ ಉಸಿರಾಡುತ್ತೀರಿ. ಹೊರೆಯೇ ಇಲ್ಲದೆ ಏದುಸಿರು ಬಿಡುವವರನ್ನು ದಿನವೂ ಕಾಣುವ ನಮಗೆ ಈ ಪ್ರಾಮಾಣಿಕತೆ ರಿಪೇರಿಗೆ ಕಳಿಸಬೇಕಾದ ದೋಷವಾಗಿ ತೋರುತ್ತದೆ. ನಿಜವಾಗಿ ಮಾಡಬೇಕಾದದ್ದು ಇಷ್ಟೇ: ಜೋಡಿ ಕಟ್ಟುವ ಮೊದಲು ಇಬ್ಬರನ್ನೂ ಒಂದೇ ಹಳಿಯಲ್ಲಿ ಗೇಣು ಅಂತರದಲ್ಲಿ ಓಡಿಸಿ, ಆ ಗೇಣು ಹಿಗ್ಗದೆ ಕುಗ್ಗದೆ ಇರುವವರೆಗೆ ವೇಗದ ಮಟ್ಟ ನಿಗದಿಮಾಡುವ ಸಿವಿ 2, 5, 6 ತಿದ್ದುವುದು. ವೇಗ ಹಿಡಿಸುವ ಸಿವಿ 3, ಇಳಿಸುವ ಸಿವಿ 4 ಕೂಡ ಒಂದಕ್ಕೊಂದು ಒಪ್ಪಬೇಕು.

ಇನ್ನು ತಮ್ಮಿಬ್ಬರ ಛಕ್‌ಛಕ್ ಒಂದೇ ತಾಳಕ್ಕೆ ಬೀಳುವುದಿಲ್ಲ ಎಂಬ ದೂರು. ಅದನ್ನು ಓದದೆಯೇ ತಿರಸ್ಕರಿಸಿ. 844ರ ಚಾಲಕ ಚಕ್ರದ ವ್ಯಾಸ 80 ಇಂಚು, ತಮ್ಮದು 68. ಚಕ್ರದ ಒಂದು ಸುತ್ತಿಗೆ ನಾಲ್ಕು ಛಕ್. ಮೈಲಿಗೆ ಅವರದು ಸುಮಾರು 1,000. ತಮ್ಮ ಒಂದೊಂದು ಚಕ್ರಗುಂಪಿಗೂ ಸುಮಾರು 1,190. ಮೇಲಾಗಿ ಒಂದೇ ಬಾಯ್ಲರಿನ ಅಡಿಯಲ್ಲಿರುವ ತಮ್ಮ ಎರಡು ಗುಂಪುಗಳೇ ಒಮ್ಮೆ ಕೂಡಿ, ಒಮ್ಮೆ ಅಗಲಿ ಸದ್ದು ಮಾಡುತ್ತವೆ. ತಮ್ಮೊಳಗೇ ಇಲ್ಲದ ಒಮ್ಮತವನ್ನು ಇನ್ನೊಬ್ಬರ ಜೊತೆ ತರಲು ಕೂತವರಿಗೆ ಪುರುಸೊತ್ತು ಬಹಳ.

ಕೊನೆಗೊಂದು ಎಚ್ಚರಿಕೆ. ಜೋಡಿ ಬಿಚ್ಚಿದ ಮೇಲೆ ಸಿವಿ 19ಕ್ಕೆ ಸೊನ್ನೆ ಬರೆಯಲು ಮರೆಯುವವರಿದ್ದಾರೆ. ಆಗ ಸ್ವಂತ ಸಂಖ್ಯೆಯಲ್ಲಿ ಕರೆದರೆ ತಾವು ಸೊಗಸಾಗಿ ಸಿಳ್ಳೆ ಹಾಕುತ್ತೀರಿ, ಒಂದಿಂಚೂ ಕದಲುವುದಿಲ್ಲ. ಅದಕ್ಕೂ ತಮ್ಮನ್ನೇ ಬೈಯುತ್ತಾರೆ.

ಇಂತಿ,
ಕಂಟ್ರೋಲರ್ ಹಿಡಿದವನು